ವಾನರನ ದವಡೆಯೂ ಮಕ್ಕಳ ಹಲ್ಲಿನ ಸಾಲೂ

ಕೊಚ್ಚಿಯ ಹಿನ್ನೀರಿನ ನಡುವೆ ಇರುವ ವಿಲ್ಲಿಂಗ್ಡನ್ ಐಲ್ಯಾಂಡ್ ಬಹುಮಟ್ಟಿಗೆ ಮನುಷ್ಯನೇ ಕಟ್ಟಿದ ನೆಲ. ಬಂದರಿನ ಆಳವನ್ನು ಹೆಚ್ಚಿಸುವ ಸಲುವಾಗಿ ತಳದಿಂದ ತೋಡಿ ತೆಗೆದ ಹೂಳನ್ನು ರಾಶಿ ಹಾಕಿ, ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರರ ಮೇಲ್ವಿಚಾರಣೆಯಲ್ಲಿ 1920 ಮತ್ತು 1930ರ ದಶಕಗಳಲ್ಲಿ ಇದನ್ನು ನಿರ್ಮಿಸಲಾಯಿತು. ಬಂದರು, ಸುಂಕದ ಕಚೇರಿ, ನೌಕಾದಳ, ಬ್ಯಾಂಕು, ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಮುಂತಾದ ಕಡೆಗಳಲ್ಲಿ ಉದ್ಯೋಗ ದೊರೆತು ಇಲ್ಲಿಗೂ ಎದುರು ದಡದ ಎರ್ನಾಕುಲಕ್ಕೂ ಬಂದು ನೆಲೆಸಿದ ಕನ್ನಡಿಗರ ಸಂಸಾರಗಳು ಹಲವು. ಅಂತಹ ಮನೆಗಳಲ್ಲಿ ಮಕ್ಕಳು ಹನ್ನೆರಡು, ಹದಿಮೂರು ವರ್ಷಕ್ಕೆ ಬರುತ್ತಿದ್ದಂತೆ ಒಂದು ಚರ್ಚೆ ತಪ್ಪದೆ ತಲೆಯೆತ್ತುತ್ತದೆ.

ಹುಡುಗನನ್ನು ದಂತವೈದ್ಯರ ಬಳಿಗೆ ಕರೆದೊಯ್ಯಲಾಗುತ್ತದೆ. ಮೇಲಿನ ಸಾಲಿನಲ್ಲಿ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೇರಿ ಕುಳಿತಿದೆ. ಕೆಳಗಿನ ಬಾಚಿಹಲ್ಲುಗಳು ಸಂಜೆಯ ಬಸ್ಸಿನಲ್ಲಿ ನೂಕಿಕೊಂಡು ನಿಂತ ಪ್ರಯಾಣಿಕರಂತೆ ಓರೆಯಾಗಿವೆ. ನಾಲ್ಕು ಹಲ್ಲು ಕಿತ್ತು, ಸುಮಾರು ಎರಡು ವರ್ಷ ಕ್ಲಿಪ್ಪು ಹಾಕಬೇಕೆಂದು ವೈದ್ಯರು ಹೇಳುತ್ತಾರೆ. ಮನೆಗೆ ಬಂದೊಡನೆ, ತೀರ್ಥಹಳ್ಳಿಯ ಕಡೆಯಿಂದ ಮಗನ ಮನೆಗೆ ಬಂದಿರುವ ಅಜ್ಜಿಯ ತೀರ್ಪು ಸಿದ್ಧವಾಗಿರುತ್ತದೆ. "ನಮ್ಮ ಕಾಲದಲ್ಲಿ ಯಾರ ಹಲ್ಲಿಗೆ ತಂತಿ ಕಟ್ಟಿದ್ದರಮ್ಮಾ? ಕಬ್ಬು ಸಿಗಿದು ತಿಂದೆವು, ಕೊಬ್ಬರಿ ಕಡಿದು ತಿಂದೆವು. ಇದೆಲ್ಲ ನಿನ್ನ ಮಿಕ್ಸಿ, ಕುಕ್ಕರಿನ ಪ್ರತಾಪ." ಸೊಸೆಯೂ ಬಿಟ್ಟುಕೊಡುವವಳಲ್ಲ. "ಇವನ ಅಪ್ಪನ ಹಲ್ಲೂ ಹೀಗೆಯೇ ಇದೆಯಲ್ಲಾ ಅತ್ತೆ? ಬಂದದ್ದು ನಿಮ್ಮ ಮನೆತನದಿಂದಲೇ."

ಒಬ್ಬರು ಆಹಾರವನ್ನು ದೂರುತ್ತಾರೆ, ಇನ್ನೊಬ್ಬರು ಆನುವಂಶಿಕತೆಯನ್ನು. ತಮಗರಿವಿಲ್ಲದೆಯೇ ಇಬ್ಬರೂ ಪ್ರಾಣಿಶಾಸ್ತ್ರದ ಒಂದು ದೊಡ್ಡ ವಿವಾದದೊಳಕ್ಕೆ ಕಾಲಿಟ್ಟಿರುತ್ತಾರೆ. ತಿನ್ನುವ ಆಹಾರಕ್ಕೂ ದವಡೆಯ ಆಕಾರಕ್ಕೂ ಇರುವ ಸಂಬಂಧವೇನು ಎಂಬ ಆ ವಿವಾದಕ್ಕೆ ಹೆಚ್ಚಿನ ಸಾಕ್ಷ್ಯ ದೊರೆತಿರುವುದು ಮನುಷ್ಯನ ಬಾಯಿಂದಲ್ಲ, ಅವನ ಬಂಧುಗಳಾದ ವಾನರರ ಬಾಯಿಂದ.

ವಾನರನನ್ನೂ ದವಡೆಯನ್ನೂ ಒಟ್ಟಿಗೆ ನೆನೆಯುವುದು ನಮ್ಮವರಿಗೆ ಹೊಸದೇನಲ್ಲ. ಸಂಸ್ಕೃತದಲ್ಲಿ 'ಹನು' ಎಂದರೆ ದವಡೆ. ಬಾಲಕ ಆಂಜನೇಯನು ಉದಯಸೂರ್ಯನನ್ನು ಹಣ್ಣೆಂದು ಭ್ರಮಿಸಿ ಆಕಾಶಕ್ಕೆ ಹಾರಿದಾಗ ಇಂದ್ರನ ವಜ್ರಾಯುಧದ ಪೆಟ್ಟಿನಿಂದ ದವಡೆ ಭಗ್ನವಾಗಿ 'ಹನುಮಂತ'ನಾದನೆಂಬ ಕಥೆ ಸರ್ವವಿದಿತ. ಹಣ್ಣಿನ ಆಸೆಗೂ ದವಡೆಯ ರೂಪಕ್ಕೂ ನಂಟು ಕಲ್ಪಿಸಿದ ಪುರಾಣಕಾರನ ಜಾಣ್ಮೆಗೆ ಪ್ರಾಣಿಶಾಸ್ತ್ರಜ್ಞರೂ ತಲೆದೂಗಿಯಾರು.

ಪಶ್ಚಿಮಘಟ್ಟದ ಕಾಡುಗಳೇ ಈ ವಿಷಯಕ್ಕೆ ಒಳ್ಳೆಯ ಪಾಠಶಾಲೆ. ಕಾಡಿಗೆ ಹೋಗಲಾಗದವರು ತಿರುವನಂತಪುರಕ್ಕೆ ಹೋದಾಗ ಅಲ್ಲಿಯ ಮೃಗಾಲಯದಲ್ಲಿ ಅರ್ಧ ಗಂಟೆ ಕಳೆದರೂ ಸಾಕು. 1850ರ ದಶಕದಲ್ಲಿ ವಸ್ತುಸಂಗ್ರಹಾಲಯದ ಜೊತೆಗೆ ಆರಂಭವಾದ ಈ ಮೃಗಾಲಯ ದೇಶದ ಹಳೆಯ ಮೃಗಾಲಯಗಳಲ್ಲಿ ಒಂದು. ಕನ್ನಡ ನಾಡಿನ ಕಾಡುಗಳಲ್ಲಿಯೂ ಇರುವ ಸಿಂಗಳೀಕ, ಮಲಯಾಳಿಗಳು ಕರಿಂಕುರಂಗ್ ಎಂದು ಕರೆಯುವ ನೀಲಗಿರಿಯ ಕರಿಯ ಮುಸುವ ಇವೆರಡನ್ನೂ ಅಲ್ಲಿ ಕಾಣಬಹುದು. ಪ್ರೇಕ್ಷಕರು ಸಾಮಾನ್ಯವಾಗಿ ಅವುಗಳ ಬಾಲವನ್ನೂ ಚೇಷ್ಟೆಯನ್ನೂ ನೋಡಿ ಮುಂದೆ ಸಾಗುತ್ತಾರೆ. ನೋಡಬೇಕಾದದ್ದು ಅವು ಮೇಯುವ ರೀತಿಯನ್ನು.

ಸಿಂಗಳೀಕ, ಊರಿನ ಕೋತಿ, ಮುಸುವ ಈ ಮೂವರ ಬಾಯಲ್ಲಿಯೂ ಇರುವ ಹಲ್ಲುಗಳ ಸಂಖ್ಯೆ ಮನುಷ್ಯನಿಗೆ ಇರುವಷ್ಟೇ, ಮೂವತ್ತೆರಡು. ಒಂದೊಂದು ಪಾರ್ಶ್ವದಲ್ಲಿ ಎರಡು ಬಾಚಿಹಲ್ಲು, ಒಂದು ಕೋರೆ, ಎರಡು ಮುಂದವಡೆ ಹಲ್ಲು, ಮೂರು ದವಡೆಹಲ್ಲು ಎಂಬ ವಿಂಗಡಣೆಯೂ ಒಂದೇ. ಬಂಡವಾಳ ಒಂದೇ ಆದರೂ ಹೂಡಿಕೆ ಮಾತ್ರ ಬೇರೆ ಬೇರೆ.

ಸಿಂಗಳೀಕವು ಮುಖ್ಯವಾಗಿ ಹಣ್ಣು, ಬೀಜ, ಕೀಟಗಳನ್ನು ತಿನ್ನುವ ಪ್ರಾಣಿ. ಕೇರಳ, ತಮಿಳುನಾಡುಗಳ ಮಳೆಕಾಡಿನಲ್ಲಿ ಅದರ ದೊಡ್ಡ ಆಧಾರವೆಂದರೆ ಕುಲ್ಲೇನಿಯಾ ಎಂಬ ಮರ. ಮಲಯಾಳದಲ್ಲಿ ಅದಕ್ಕೆ ವೆಡಿಪ್ಲಾವು ಎಂದು ಹೆಸರು. ದುರಿಯನ್ ಹಣ್ಣಿನ ಬಳಗಕ್ಕೆ ಸೇರಿದ ಈ ಮರದ ಕಾಯಿ ಮೈತುಂಬ ಮುಳ್ಳು ಹೊತ್ತಿರುತ್ತದೆ. ಸಿಂಗಳೀಕ ಅದನ್ನು ಸೀಳಿ ಒಳಗಿನ ಬೀಜ ತಿನ್ನುತ್ತದೆ, ಹೂ ಬಿಡುವ ಕಾಲದಲ್ಲಿ ಹೂವನ್ನೂ ತಿನ್ನುತ್ತದೆ. 1970ರ ದಶಕದಲ್ಲಿ ಸೈಲೆಂಟ್ ವ್ಯಾಲಿಯ ಜಲವಿದ್ಯುತ್ ಯೋಜನೆಗೆ ವಿರೋಧ ಹುಟ್ಟಿದಾಗ ಈ ಪ್ರಾಣಿಯೇ ಚಳವಳಿಯ ಗುರುತಾಯಿತು. 1984ರಲ್ಲಿ ಆ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು. ಕರ್ನಾಟಕದಲ್ಲಿಯೂ ಶರಾವತಿ ಕಣಿವೆಯ ಅಭಯಾರಣ್ಯಕ್ಕೆ 2019ರಲ್ಲಿ ಸಿಂಗಳೀಕದ ಹೆಸರನ್ನೇ ಸೇರಿಸಲಾಗಿದೆ. ಹಣ್ಣನ್ನು ಕಚ್ಚಿ ಸಿಪ್ಪೆ ಸುಲಿಯಲು ಸಿಂಗಳೀಕಕ್ಕೂ ಅದರ ದಾಯಾದಿಯಾದ ಊರಿನ ಕೋತಿಗೂ ಬಾಚಿಹಲ್ಲುಗಳು ಅಗಲವಾಗಿ, ಬಲವಾಗಿ ಬೆಳೆದಿವೆ. ದವಡೆಹಲ್ಲಿನ ಉಬ್ಬುಗಳು ತಗ್ಗಾಗಿ, ಮೊಂಡಾಗಿ, ಹಣ್ಣಿನ ತಿರುಳನ್ನೂ ಬೀಜವನ್ನೂ ಜಜ್ಜಲು ತಕ್ಕಂತೆ ಇವೆ. ಸಿಕ್ಕಿದ್ದನ್ನು ಮೊದಲು ಕೆನ್ನೆಯ ಚೀಲಕ್ಕೆ ತುಂಬಿಕೊಂಡು ಬಿಡುವಾದಾಗ ಅಗಿಯುವ ಸೌಲಭ್ಯವೂ ಅವಕ್ಕಿದೆ.

ಮುಸುವನ ವ್ಯವಹಾರವೇ ಬೇರೆ. ಅದಕ್ಕೆ ಕೆನ್ನೆಚೀಲವಿಲ್ಲ. ಹೊಟ್ಟೆ ಮಾತ್ರ ಹಲವು ಕೋಣೆಗಳ ಉಗ್ರಾಣ. ಅಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಎಲೆಯ ನಾರನ್ನು ಕೊಳೆಯಿಸಿ ಪೋಷಣೆ ಒದಗಿಸುತ್ತವೆ. ಮುಸುವವೂ ಹಣ್ಣು, ಹೂ, ಬೀಜಗಳನ್ನು ತಿನ್ನದೆ ಬಿಡುವುದಿಲ್ಲವಾದರೂ ಎಲೆಯೇ ಅದರ ನಿತ್ಯದ ಅನ್ನ. 2023ರ ಜೂನ್ ತಿಂಗಳಲ್ಲಿ ತಿರುವನಂತಪುರದ ಮೃಗಾಲಯಕ್ಕೆ ತಿರುಪತಿಯಿಂದ ಹೊಸದಾಗಿ ತಂದಿದ್ದ ಒಂದು ಹೆಣ್ಣು ಮುಸುವ ತಪ್ಪಿಸಿಕೊಂಡು ಮರುತಿಂಗಳು ಸೆರೆಸಿಕ್ಕುವವರೆಗೂ ನಗರದ ಮರಗಳ ಮೇಲೆಯೇ ಕಾಲ ಕಳೆದದ್ದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಎಲೆ ಅರಗಿಸಿಕೊಳ್ಳಬಲ್ಲ ಪ್ರಾಣಿಗೆ ರಸ್ತೆಬದಿಯ ಮರವೂ ಊಟದ ಮನೆಯೇ. ಆದರೆ ಎಲೆಯನ್ನು ಜಜ್ಜಿದರೆ ಪ್ರಯೋಜನವಿಲ್ಲ, ಸಣ್ಣಗೆ ಕತ್ತರಿಸಬೇಕು. ಆದಕಾರಣ ಮುಸುವನ ದವಡೆಹಲ್ಲಿನ ಉಬ್ಬುಗಳು ಎತ್ತರವಾಗಿವೆ, ಅವುಗಳನ್ನು ಜೋಡಿಸುವ ಏಣುಗಳು ಹರಿತವಾಗಿವೆ. ಮೇಲಿನ ಹಲ್ಲು ಕೆಳಗಿನದರ ಮೇಲೆ ಸರಿದಾಗ ಕತ್ತರಿಯ ಎರಡು ಅಲಗುಗಳಂತೆ ಕೆಲಸ ನಡೆಯುತ್ತದೆ. ಕೆಳದವಡೆಯ ಮೂಳೆಯೂ ಸಾಮಾನ್ಯವಾಗಿ ಆಳವಾಗಿ, ಮುಖ ಗಿಡ್ಡವಾಗಿ ಇರುತ್ತದೆ.

ಇನ್ನೊಬ್ಬ ಬಂಧು ರಾತ್ರಿ ಸಂಚಾರಿಯಾದ ಕಾಡುಪಾಪ. ಅದರ ಆಹಾರ ಬಹುಪಾಲು ಕೀಟ. ಕೀಟದ ಕವಚವನ್ನು ತೂತು ಮಾಡಲು ತಕ್ಕ ಚೂಪು ಮೊನೆಗಳು ಅದರ ಹಲ್ಲಿಗಿವೆ.

ಮುಖ ಗಿಡ್ಡವಾದರೆ ಆಗುವ ಲಾಭವೇನು? ಮಲೆನಾಡಿನ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಲು ಅಡಕೊತ್ತೇ ಸಾಕು. ಅಡಕೆಯನ್ನು ಅಡಕೊತ್ತಿನ ತುದಿಯಲ್ಲಿಟ್ಟು ಅದುಮಿದರೆ ಅದು ಜಾರುತ್ತದೆಯೇ ಹೊರತು ಒಡೆಯುವುದಿಲ್ಲ. ಕೀಲಿನ ಸಮೀಪಕ್ಕೆ ತಳ್ಳಿ ಅದುಮಿದರೆ ಸಲೀಸಾಗಿ ಎರಡಾಗುತ್ತದೆ. ದವಡೆಯೂ ಒಂದು ಸನ್ನೆಯೇ. ಕಿವಿಯ ಮುಂಭಾಗದಲ್ಲಿರುವುದು ಅದರ ಕೀಲು. ಹಲ್ಲು ಕಚ್ಚಿ ಹಿಡಿದು ಕೆನ್ನೆಯನ್ನೂ ಕಣತಲೆಯನ್ನೂ ಮುಟ್ಟಿ ನೋಡಿದರೆ ಉಬ್ಬಿ ಬರುವ ಸ್ನಾಯುಗಳೇ ಅದನ್ನು ಎಳೆಯುವ ಕೈಗಳು. ಅಡಕೊತ್ತಿನಲ್ಲಿ ಕೈಯು ಅಡಕೆಯಿಂದಾಚೆ ತುದಿಯಲ್ಲಿರುತ್ತದೆ, ದವಡೆಯಲ್ಲಿ ಸ್ನಾಯುವು ಕೀಲಿಗೂ ಹಲ್ಲಿಗೂ ನಡುವೆ ಇರುತ್ತದೆ ಎಂಬುದಷ್ಟೇ ವ್ಯತ್ಯಾಸ. ಹಲ್ಲಿನ ಸಾಲು ಕೀಲಿಗೂ ಸ್ನಾಯುವಿಗೂ ಹತ್ತಿರವಾದಷ್ಟೂ ಕಚ್ಚುವ ಬಲ ಹೆಚ್ಚುತ್ತದೆ. ಹಾಗೆಂದು ಎಲ್ಲ ವಾನರರೂ ಗಿಡ್ಡಮುಖದವರಾಗಿಲ್ಲ. ದೊಡ್ಡ ಹಣ್ಣನ್ನು ಬಾಯೊಳಗೆ ಹಿಡಿಯಲು, ಉದ್ದ ಕೋರೆಹಲ್ಲುಗಳನ್ನು ತೋರಿಸಿ ಎದುರಾಳಿಯನ್ನು ಬೆದರಿಸಲು ಬಾಯಿ ಅಗಲವಾಗಿ ತೆರೆಯಬೇಕು. ಅಗಲವಾಗಿ ತೆರೆಯುವ ಬಾಯಿಗೆ ಬಲ ಕಡಿಮೆ, ಬಲವಾಗಿ ಕಚ್ಚುವ ಬಾಯಿಗೆ ಅಗಲ ಕಡಿಮೆ. ಒಂದು ಖಾತೆಗೆ ಜಮೆಯಾದದ್ದು ಇನ್ನೊಂದರಲ್ಲಿ ಖರ್ಚು ಬೀಳುವುದು ಪ್ರಕೃತಿಯ ಲೆಕ್ಕದಲ್ಲಿಯೂ ತಪ್ಪಿದ್ದಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸದಿದ್ದರೆ ಮುಂದಿನದು ಅರ್ಥವಾಗದು. ಮಾತಿನಲ್ಲಿ ಎಲ್ಲವನ್ನೂ 'ಗಟ್ಟಿ ಆಹಾರ' ಎಂದುಬಿಡುತ್ತೇವೆ. ಆದರೆ ಗಡಸು ಬೇರೆ, ನಾರು ಬೇರೆ. ಹುರಿದ ಕಡಲೆ ಗಡಸು. ಅದು ಒಂದೇ ಪೆಟ್ಟಿಗೆ ಟಕ್ಕನೆ ಒಡೆಯುತ್ತದೆ. ಒಡೆಯುವ ಆ ಕ್ಷಣದಲ್ಲಿ ಮಾತ್ರ ಹೆಚ್ಚು ಬಲ ಬೇಕು. ಕಬ್ಬು ಅಥವಾ ಒಣ ಕೊಬ್ಬರಿ ಹಾಗಲ್ಲ. ಹಲ್ಲು ಊರಿದಲ್ಲಿ ಮಾತ್ರ ಸೀಳು ಬಿಟ್ಟು ಮುಂದೆ ಹರಡದೆ ಅಲ್ಲಿಯೇ ನಿಂತುಬಿಡುತ್ತದೆ, ಮತ್ತೆ ಮತ್ತೆ ಅಗಿಯಬೇಕಾಗುತ್ತದೆ. ಗಡಸು ಆಹಾರವು ದವಡೆಯಿಂದ ಕೇಳುವುದು ಒಂದು ದೊಡ್ಡ ಮೊತ್ತದ ಪಾವತಿಯನ್ನು. ನಾರಿನ ಆಹಾರ ಕೇಳುವುದು ದಿನವಿಡೀ ತೆರಬೇಕಾದ ಕಂತುಗಳನ್ನು. ಮೂಳೆಯನ್ನು ಹೆಚ್ಚು ದಣಿಸುವುದು ಈ ಎರಡನೆಯದೇ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿಲಿಯಂ ಹೈಲ್ಯಾಂಡರ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಕೋತಿಗಳ ದವಡೆಯ ಮೂಳೆಗೇ ಸೂಕ್ಷ್ಮ ಮಾಪಕಗಳನ್ನು ಅಂಟಿಸಿ, ಅವು ಅಗಿಯುವಾಗ ಮೂಳೆ ಎಷ್ಟು ಬಾಗುತ್ತದೆಂದು ಅಳೆದರು. ಆಹಾರವಿರುವುದು ಬಲಗಡೆಯಾದರೂ ಎಡಗಡೆಯ ಮೂಳೆಯೂ ಬಾಗುತ್ತಿತ್ತು. ಏಕೆಂದರೆ ಕಷ್ಟದ ತುತ್ತು ಬಂದಾಗ ಎರಡೂ ಪಕ್ಕದ ಸ್ನಾಯುಗಳು ಸೇರಿ ಎಳೆಯುತ್ತವೆ. ಹಾಗೆ ಬಾಗುವುದನ್ನು ತಡೆಯಲು ಮೂಳೆ ಆಳವಾಗಿರಬೇಕು. ಹಲಗೆಯನ್ನು ಮಲಗಿಸಿಟ್ಟರೆ ಬಾಗುತ್ತದೆ, ಏಣಿನ ಮೇಲೆ ನಿಲ್ಲಿಸಿದರೆ ಬಾಗುವುದಿಲ್ಲವಷ್ಟೆ. ಎಲೆ ತಿನ್ನುವ ವಾನರರ ಕೆಳದವಡೆ ಆಳವಾಗಿರುವುದಕ್ಕೆ ಇದೇ ಕಾರಣವಿರಬಹುದೆಂದು ಅವರು ಸೂಚಿಸಿದರು.

ಹಾಗಾದರೆ ದವಡೆ ನೋಡಿ ಊಟ ಹೇಳಿಬಿಡಬಹುದೇ? ಅಷ್ಟು ಸುಲಭವಲ್ಲ ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. 1959ರ ಜುಲೈ ತಿಂಗಳಲ್ಲಿ ಪೂರ್ವ ಆಫ್ರಿಕದ ಓಲ್ಡುವಾಯ್ ಕಮರಿಯಲ್ಲಿ ಮೇರಿ ಲೀಕಿ ಎಂಬ ಮಹಿಳೆ ಒಂದು ತಲೆಬುರುಡೆಯನ್ನು ಪತ್ತೆಮಾಡಿದರು. ಅದು ಮನುಷ್ಯನ ವಂಶವೃಕ್ಷದಿಂದ ಪಕ್ಕಕ್ಕೆ ಚಾಚಿ, ಹತ್ತು ಲಕ್ಷ ವರ್ಷಗಳಿಗೂ ಹಿಂದೆಯೇ ಒಣಗಿಹೋದ ಕೊಂಬೆಯೊಂದರ ಪ್ರಾಣಿ. ದವಡೆಹಲ್ಲುಗಳು ಅತಿ ವಿಶಾಲ, ಎನಾಮೆಲ್ ಅತಿ ದಪ್ಪ, ನೆತ್ತಿಯ ಮೇಲೆ ಸ್ನಾಯು ಅಂಟಲೆಂದೇ ಎದ್ದ ಒಂದು ಏಣು. ಕಂಡವರೆಲ್ಲ ಇದು ಗಡಸು ಬೀಜಗಳನ್ನು ಒಡೆಯಲು ಹುಟ್ಟಿದ ಬಾಯಿ ಎಂದರು. ಅದಕ್ಕೆ 'ಬೀಜ ಒಡೆಯುವ ಮನುಷ್ಯ' ಎಂಬ ಅಡ್ಡಹೆಸರೂ ಅಂಟಿತು. ಸುಮಾರು ಅರ್ಧ ಶತಮಾನದ ಬಳಿಕ, 2008ರಲ್ಲಿ, ಆ ಜಾತಿಯ ಹಲ್ಲುಗಳ ಮೇಲ್ಮೈಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಗಡಸು ಬೀಜ ಒಡೆಯುವವರ ಹಲ್ಲಿನಲ್ಲಿ ಇರಬೇಕಾದ ಗುಳಿಗಳು ಕಾಣಲಿಲ್ಲ. 2011ರಲ್ಲಿ ಎನಾಮೆಲ್ಲಿನ ಇಂಗಾಲದ ವಿಶ್ಲೇಷಣೆ ನಡೆದಾಗ ಅದರ ಆಹಾರದ ಮುಕ್ಕಾಲು ಪಾಲಿನಷ್ಟು ಉಷ್ಣವಲಯದ ಹುಲ್ಲು, ಜೊಂಡುಗಳ ಗುಂಪಿನಿಂದ ಬಂದದ್ದೆಂದು ತಿಳಿಯಿತು. ನಮ್ಮ ರಾಗಿ, ಜೋಳ, ಕಬ್ಬುಗಳೂ ಇಂಗಾಲದ ಲೆಕ್ಕದಲ್ಲಿ ಅದೇ ಗುಂಪಿಗೆ ಸೇರಿದವು. ಅಂದರೆ ಆ ಭಾರಿ ದವಡೆ ಒಂದು ಸುತ್ತಿಗೆಯಾಗಿರಲಿಲ್ಲ, ಬೀಸುವ ಕಲ್ಲಾಗಿತ್ತು. ಐವತ್ತು ವರ್ಷಗಳ ಕಾಲ ವಿದ್ವಾಂಸರು ಗಡಸನ್ನೂ ನಾರನ್ನೂ ಒಂದೇ ಎಂದು ಭಾವಿಸಿದ್ದರ ಫಲವಿದು.

ಇಷ್ಟರವರೆಗೆ ಹೇಳಿದ್ದು ಜಾತಿಯಿಂದ ಜಾತಿಗೆ, ಲಕ್ಷಾಂತರ ವರ್ಷಗಳಲ್ಲಿ ಆದ ವ್ಯತ್ಯಾಸ. ಅತ್ತೆ ಸೊಸೆಯರ ವಿವಾದ ಅದರ ಕುರಿತಾದದ್ದಲ್ಲ. ಒಂದೇ ಜೀವಮಾನದಲ್ಲಿ, ಒಂದೇ ಮಗುವಿನ ಬಾಯಲ್ಲಿ ಆಹಾರವು ದವಡೆಯನ್ನು ಬದಲಿಸಬಲ್ಲುದೇ ಎಂಬುದು ಅಲ್ಲಿಯ ಪ್ರಶ್ನೆ. ಇದಕ್ಕೂ ಮೊದಲು ಉತ್ತರ ಕೊಟ್ಟವರು ಕೋತಿಗಳೇ. ರಾಬರ್ಟ್ ಕೊರುಚಿನಿ ಎಂಬ ಮಾನವಶಾಸ್ತ್ರಜ್ಞರು ಸಹೋದ್ಯೋಗಿಯೊಡನೆ ದಕ್ಷಿಣ ಅಮೆರಿಕದ ಅಳಿಲುಕೋತಿಗಳ ಒಂದು ಗುಂಪನ್ನು ಮೆತ್ತನೆಯ ಆಹಾರದಲ್ಲಿಯೂ ಇನ್ನೊಂದನ್ನು ಸಹಜವಾದ ಒರಟು ಆಹಾರದಲ್ಲಿಯೂ ಬೆಳೆಸಿ, ಫಲಿತಾಂಶವನ್ನು 1982ರಲ್ಲಿ ಪ್ರಕಟಿಸಿದರು. ಮೆತ್ತನೆಯದನ್ನು ತಿಂದು ಬೆಳೆದ ಮರಿಗಳಲ್ಲಿ ಹಲ್ಲಿನ ಕಮಾನು ಕಿರಿದಾಗಿತ್ತು. ಓರೆಯಾದ, ತಿರುಚಿಕೊಂಡ, ಸ್ಥಾನತಪ್ಪಿದ ಹಲ್ಲುಗಳು ಹೆಚ್ಚಾಗಿದ್ದವು. 2004ರಲ್ಲಿ ಹಾರ್ವರ್ಡಿನ ಡೇನಿಯಲ್ ಲೀಬರ್ಮನ್ ಮತ್ತು ಅವರ ತಂಡದವರು ಹೈರಾಕ್ಸ್ ಎಂಬ, ಮೊಲದ ಗಾತ್ರದ ಪ್ರಾಣಿಯ ಮೇಲೆ ಇಂತಹುದೇ ಪ್ರಯೋಗ ನಡೆಸಿದರು. ಬೇಯಿಸಿದ ಆಹಾರ ತಿಂದವುಗಳ ಮುಖದ ಕೆಳಭಾಗ ಮತ್ತು ಹಿಂಭಾಗದ ಬೆಳವಣಿಗೆ, ಹಸಿಯ ಹಾಗೂ ಒಣ ಆಹಾರ ತಿಂದವುಗಳಿಗಿಂತ ಸುಮಾರು ಶೇಕಡಾ 10ರಷ್ಟು ಕಡಿಮೆಯಾಗಿತ್ತು.

ಮನುಷ್ಯರ ಮಕ್ಕಳನ್ನು ಹೀಗೆ ಪ್ರಯೋಗಕ್ಕೆ ಒಡ್ಡುವಂತಿಲ್ಲ. ಆದರೆ ಜೀವನವೇ ಕೆಲವೊಮ್ಮೆ ಪ್ರಯೋಗ ನಡೆಸಿಬಿಡುತ್ತದೆ. ಅದೇ ಕೊರುಚಿನಿಯವರು ಭಾರತೀಯ ಸಹೋದ್ಯೋಗಿಗಳೊಡನೆ ಚಂಡೀಗಢದ ನಗರವಾಸಿ ತರುಣರನ್ನೂ ಸುತ್ತಣ ಹಳ್ಳಿಗಳ ತರುಣರನ್ನೂ ಪರೀಕ್ಷಿಸಿ 1983ರಲ್ಲಿ ವರದಿ ಮಾಡಿದರು. ಎರಡೂ ಕಡೆಯವರದು ಒಂದೇ ಮೂಲದ ಜನಸಮುದಾಯ. ಊಟ ಮಾತ್ರ ಬೇರೆ. ಒರಟು ಧಾನ್ಯ, ಬಲಿತ ತರಕಾರಿ ತಿಂದು ಬೆಳೆದ ಹಳ್ಳಿಗರಿಗಿಂತ ಮೆದು ಆಹಾರದ ನಗರವಾಸಿಗಳಲ್ಲಿ ಹಲ್ಲಿನ ಸಾಲಿನ ದೋಷಗಳು ಹೆಚ್ಚಾಗಿ ಕಂಡುಬಂದವು. ಊರು ಬಿಟ್ಟು ಮಹಾನಗರ ಸೇರಿದವರ ಮನೆಗಳಿಗೆ ಈ ಅಧ್ಯಯನ ಎಷ್ಟು ಸಮೀಪವಾದದ್ದೆಂದು ಬೇರೆ ಹೇಳಬೇಕಾಗಿಲ್ಲ.

ಇದರ ಒಳಗುಟ್ಟು ಇಷ್ಟೇ. ಹಲ್ಲಿನ ಗಾತ್ರ ಬಹುಮಟ್ಟಿಗೆ ತಂದೆತಾಯಿಗಳಿಂದ ಬಂದದ್ದು. ಒಸಡಿನಿಂದ ಹೊರಗೆ ಇಣುಕುವುದಕ್ಕೆ ಮೊದಲೇ ಅದರ ಶಿಖರ ಪೂರ್ತಿಯಾಗಿ ರೂಪುಗೊಂಡಿರುತ್ತದೆ. ಆಮೇಲೆ ಎಷ್ಟು ಅಗಿದರೂ ಅದು ಬೆಳೆಯುವುದಿಲ್ಲ, ಸವೆಯಬಹುದಷ್ಟೆ. ಮೂಳೆ ಹಾಗಲ್ಲ. ಕೈಕಾಲಿನ ಮೂಳೆಗಳು ದುಡಿಮೆಗೆ ತಕ್ಕಂತೆ ದಪ್ಪವಾಗುವ ಹಾಗೆ, ಬೆಳೆಯುವ ವಯಸ್ಸಿನ ದವಡೆಯೂ ತನ್ನ ಮೇಲೆ ಬೀಳುವ ಭಾರವನ್ನು ಅರಿತು ಬೆಳೆಯುತ್ತದೆ. ಭಾರ ಕಡಿಮೆಯಾದರೆ ದವಡೆ ಸ್ವಲ್ಪ ಕಿರಿದಾಗುತ್ತದೆ, ಹಲ್ಲುಗಳು ಮಾತ್ರ ಹಳೆಯ ಅಳತೆಯಲ್ಲಿಯೇ ಬಂದು ನಿಲ್ಲುತ್ತವೆ. ಊರಿನ ತೊಟ್ಟಿಮನೆಯ ಸಾಮಾನನ್ನೆಲ್ಲ ಲಾರಿಯಲ್ಲಿ ತಂದು ನಗರದ ಎರಡು ಕೋಣೆಯ ಮನೆಯಲ್ಲಿ ಇಳಿಸಿದಂತಾಗುತ್ತದೆ ಪರಿಸ್ಥಿತಿ. ಎಲ್ಲರಿಗಿಂತ ತಡವಾಗಿ, ಸುಮಾರು ಹದಿನೇಳರಿಂದ ಇಪ್ಪತ್ತೈದು ವರ್ಷದೊಳಗೆ ಬರುವ ಬುದ್ಧಿಹಲ್ಲಿಗೆ ಜಾಗವೇ ಉಳಿದಿರುವುದಿಲ್ಲ. ಅದು ಓರೆಯಾಗಿ ಪಕ್ಕದ ಹಲ್ಲಿಗೆ ಒತ್ತಿಕೊಂಡು, ಒಸಡಿನೊಳಗೆ ಅರ್ಧ ಹೂತು, ಕೀವು, ನೋವು, ಬಾಯಿ ತೆರೆಯಲಾರದ ಸಂಕಟ ಇವೆಲ್ಲಕ್ಕೂ ಕಾರಣವಾಗುತ್ತದೆ.

ಮನುಷ್ಯನ ದವಡೆಯ ಕೆಲಸ ತಗ್ಗಲು ಆರಂಭವಾದದ್ದು ಮಿಕ್ಸಿಯಿಂದಲ್ಲ ಎಂಬುದನ್ನು ಸೊಸೆಯ ಪರವಾಗಿ ಹೇಳಲೇಬೇಕು. ಅಡುಗೆಮನೆಯ ಉಪಕರಣಗಳನ್ನೊಮ್ಮೆ ದಿಟ್ಟಿಸಿ ನೋಡಿದರೆ ಅವೆಲ್ಲ ಬಾಯಿಂದ ಹೊರಗೆ ಬಂದ ಹಲ್ಲುಗಳೇ. ಈಳಿಗೆಮಣೆ ಬಾಚಿಹಲ್ಲಿನ ಕೆಲಸ ಮಾಡುತ್ತದೆ, ಒರಳುಕಲ್ಲು ದವಡೆಹಲ್ಲಿನ ಕೆಲಸ ಮಾಡುತ್ತದೆ. ಒಲೆಯಂತೂ ನಾರನ್ನು ಬಾಯಿಗೆ ಬರುವ ಮೊದಲೇ ಸಡಿಲಿಸಿಬಿಡುತ್ತದೆ. ಲೀಬರ್ಮನ್ ಮತ್ತು ಕ್ಯಾಥರೀನ್ ಜಿಂಕ್ 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಬೆಂಕಿ ಬಳಕೆಗೆ ಬರುವುದಕ್ಕೂ ಮೊದಲೇ ನಮ್ಮ ಪೂರ್ವಜರು ಊಟದ ಮೂರನೆಯ ಒಂದು ಪಾಲನ್ನು ಮಾಂಸಕ್ಕೆ ಬದಲಿಸಿ, ಮಾಂಸವನ್ನು ಕಲ್ಲಿನ ಅಲಗಿನಿಂದ ಹೆಚ್ಚಿ, ಗೆಡ್ಡೆಗಳನ್ನು ಜಜ್ಜಿ ತಿಂದದ್ದರಿಂದಲೇ ಅಗಿತದ ಸಂಖ್ಯೆ ಶೇಕಡಾ 17ರಷ್ಟು, ಅಗಿಯಲು ಬೇಕಾದ ಬಲ ಶೇಕಡಾ 26ರಷ್ಟು ಇಳಿದಿರಬೇಕು. ಬಳಿಕ ಬೆಂಕಿ ಬಂತು, ಬೇಸಾಯ ಬಂತು. ಜಗತ್ತಿನ ಬೇರೆ ಬೇರೆ ಜನರ ಕೆಳದವಡೆಗಳನ್ನು ಅಳೆದ 2011ರ ಒಂದು ಅಧ್ಯಯನದ ಪ್ರಕಾರ ಬೇಟೆ ಮತ್ತು ಸಂಗ್ರಹಣೆಯಿಂದ ಬದುಕುವವರ ದವಡೆ ಉದ್ದವಾಗಿಯೂ ಬೇಸಾಯಗಾರರದು ಗಿಡ್ಡವಾಗಿಯೂ ಇದೆ. ಹೀಗಿರುವಾಗ ಸಾವಿರಾರು ವರ್ಷಗಳ ಇಳಿತಾಯದ ಹೊಣೆಯನ್ನೆಲ್ಲ ಕೊಚ್ಚಿಯ ಒಬ್ಬ ಗೃಹಿಣಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಜ್ಜಿಯ ಕಾಲದ ಊಟದಲ್ಲಿಯೂ ಇಡ್ಲಿ, ಪಾಯಸ, ಮೊಸರನ್ನಗಳಿದ್ದವು. ಬಯಲುಸೀಮೆಯ ರಾಗಿಮುದ್ದೆಯನ್ನು ಒರಟು ಧಾನ್ಯವೆಂದು ಹೊಗಳುವವರು ಅದನ್ನು ಅಗಿಯದೆ ನುಂಗುವುದೇ ಸಂಪ್ರದಾಯವೆಂಬುದನ್ನು ಮರೆಯುತ್ತಾರೆ. ಪೋಷಣೆಯ ದೃಷ್ಟಿಯಿಂದ ಮುದ್ದೆ ಶ್ರೇಷ್ಠವಿರಬಹುದು. ದವಡೆಗೆ ಅದರಿಂದ ಯಾವ ವ್ಯಾಯಾಮವೂ ಇಲ್ಲ.

ಹಾಗೆಂದು ಅಜ್ಜಿಯ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. ಊಟದ ಎಲೆಯ ಮೇಲೆ ಬಡಿಸಿದ್ದು ಮೆದುವಾಗಿದ್ದರೂ ಅಂದಿನ ಮಕ್ಕಳು ಊಟದ ಹೊರಗೆ ಅಗಿಯುತ್ತಿದ್ದದ್ದು ಬಹಳ. ಕಬ್ಬಿನ ಜಲ್ಲೆ, ಒಣ ಕೊಬ್ಬರಿ, ಬೇಯಿಸಿದ ಹಲಸಿನ ಬೀಜ, ಹಲಸಿನ ಹಪ್ಪಳ, ಎಳೆ ಮಾವಿನಕಾಯಿ, ಪೇರಲೆ ಇವೆಲ್ಲ ಜೇಬಿನಲ್ಲಿಯೋ ಮರದ ಮೇಲೆಯೋ ದೊರೆಯುತ್ತಿದ್ದವು. ಇವುಗಳ ಸ್ಥಾನವನ್ನು ನಗರದಲ್ಲಿ ಬ್ರೆಡ್ಡು, ಬಿಸ್ಕತ್ತು, ಬಾಯಲ್ಲಿಟ್ಟರೆ ಕರಗುವ ಪೊಟ್ಟಣದ ತಿಂಡಿಗಳು ಆಕ್ರಮಿಸಿವೆ. ಸೇಬಿನ ಬದಲು ಸೇಬಿನ ರಸ, ಕಬ್ಬಿನ ಬದಲು ಕಬ್ಬಿನ ಹಾಲು. ನಷ್ಟವಾದದ್ದು ಅಡುಗೆಮನೆಯಲ್ಲಲ್ಲ, ಹಿತ್ತಲಿನಲ್ಲಿ. ಕೇರಳದಲ್ಲಿ ನೆಲೆಸಿದವರಿಗೆ ಈ ನಷ್ಟ ತುಂಬಿಕೊಳ್ಳುವುದು ಕಷ್ಟವೂ ಅಲ್ಲ. ತೆಂಗು, ಹಲಸು, ಪೇರಲೆಗಳಿಗೆ ಇಲ್ಲಿ ಬರವೇ?

ಹಾಲುಹಲ್ಲಿನ ದವಡೆಹಲ್ಲುಗಳು ಬಂದ ಮೇಲೆ, ಅಂದರೆ ಸುಮಾರು ಎರಡೂವರೆ ವರ್ಷದಿಂದ, ಮಗುವಿಗೆ ಎಲ್ಲವನ್ನೂ ಹಿಸುಕಿ ಕೊಡುವ ಅಭ್ಯಾಸವನ್ನು ಕ್ರಮೇಣ ಬಿಡಬೇಕು. ಹದಿಹರೆಯ ಮುಗಿದ ಮೇಲೆ ಅಗಿತದಿಂದ ದವಡೆ ಹಿಗ್ಗುವುದೆಂದು ನಿರೀಕ್ಷಿಸಲಾಗದು. ಬೆಳೆಯುವ ವರ್ಷಗಳೇ ಮುಖ್ಯ. ಕೊಡುವುದರಲ್ಲಿ ವಿವೇಕವಿರಲಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಕಡಲೆಬೀಜ, ಹುರಿಗಡಲೆ, ಗೋಡಂಬಿಗಳನ್ನು ಕೊಡಬಾರದು. ಅವು ಉಸಿರುನಾಳಕ್ಕೆ ಜಾರಿ ಪ್ರಾಣಾಪಾಯವನ್ನೇ ತಂದಾವು. ಗಡಸಿಗಿಂತ ನಾರೇ ದವಡೆಗೆ ಹೆಚ್ಚು ಕೆಲಸ ಕೊಡುತ್ತದೆಂಬುದು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಸಿಪ್ಪೆ ಸಹಿತವಾದ ಹಣ್ಣಿನ ಹೋಳು, ತೆಳುವಾಗಿ ಸೀಳಿದ ಕೊಬ್ಬರಿ, ಹಸಿಯ ಕ್ಯಾರೆಟ್ಟಿನ ತೆಳು ಪಟ್ಟಿ, ಗೋಧಿಯ ರೊಟ್ಟಿ ಇವನ್ನು ದೊಡ್ಡವರು ಎದುರಿಗೆ ಕುಳಿತು ತಿನ್ನಿಸಬಹುದು. ಕಬ್ಬು ತಿಂದ ಮೇಲೆ ಬಾಯಿ ಮುಕ್ಕಳಿಸುವುದನ್ನು ಮರೆಯಬಾರದು; ದವಡೆಗೆ ಒಳಿತು ಮಾಡಲು ಹೋಗಿ ಹಲ್ಲಿಗೆ ಹುಳುಕು ತಂದುಕೊಂಡರೆ ಫಲವೇನು? ಹಲ್ಲಿನಿಂದ ಸೋಡಾ ಬಾಟಲಿಯ ಮುಚ್ಚಳ ತೆಗೆಯುವ ಸಾಹಸವಂತೂ ಬೇಡವೇ ಬೇಡ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಅಗಿಯುವುದು ಒಳ್ಳೆಯದೆಂಬ ಮಾತನ್ನು ಅಡಕೆಯ ಸಮರ್ಥನೆಗೆ ಬಳಸಿಕೊಳ್ಳುವವರು ನಮ್ಮ ಸೀಮೆಯಲ್ಲಿ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ 'ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ'ಯು ಹೊಗೆಸೊಪ್ಪು ಬೆರೆಸದ ಅಡಕೆಯನ್ನೂ ಕ್ಯಾನ್ಸರ್‌ಕಾರಕವೆಂದು 2004ರಲ್ಲಿಯೇ ಪ್ರಕಟಿಸಿದೆ. ಅಡಕೆ ಅಗಿಯುವವರ ಕೆನ್ನೆಯ ಒಳಪೊರೆ ಕ್ರಮೇಣ ಬಿಗಿದುಕೊಂಡು ಎರಡು ಬೆರಳು ತೂರದಷ್ಟು ಬಾಯಿ ಕಿರಿದಾಗುವ ರೋಗವನ್ನು ದಂತವೈದ್ಯರು ದಿನವೂ ಕಾಣುತ್ತಾರೆ. ಅಡಕೊತ್ತಿನ ಉಪಮೆ ದವಡೆಯ ಲೆಕ್ಕಕ್ಕೆ ಸರಿಯೇ ಹೊರತು ಅಡಕೆ ದವಡೆಗೆ ಸರಿಯಲ್ಲ.

ಓರೆಹಲ್ಲಿಗೆ ಮೆದು ಆಹಾರವೊಂದೇ ಕಾರಣವೂ ಅಲ್ಲ. ತಂದೆಯಿಂದ ದೊಡ್ಡ ಹಲ್ಲು, ತಾಯಿಯಿಂದ ಸಣ್ಣ ದವಡೆ ಬಂದಿರಬಹುದು. ಹೆಬ್ಬೆರಳು ಚೀಪುವ ಅಭ್ಯಾಸ ಬಹುಕಾಲ ಉಳಿದಿರಬಹುದು, ಮೂಗು ಕಟ್ಟಿ ಬಾಯಿಂದಲೇ ಉಸಿರಾಡುತ್ತಿರಬಹುದು. ಆದ್ದರಿಂದ ಕ್ಲಿಪ್ಪು ಬೇಕೆಂದು ವೈದ್ಯರು ಹೇಳಿದ ಮೇಲೆ ಕೊಬ್ಬರಿ ತಿನ್ನಿಸಿ ನೋಡೋಣವೆಂದು ವರ್ಷಗಟ್ಟಲೆ ಮುಂದೂಡುವುದು ಸಲ್ಲದು. ಹದಿಮೂರರ ಹುಡುಗನ ಸಾಲು ಈಗಾಗಲೇ ನಿಂತಾಗಿದೆ. ಅವನಿಗೆ ಬೇಕಾದದ್ದು ಚಿಕಿತ್ಸೆ. ಅಜ್ಜಿಯ ಸಲಹೆ ಸಲ್ಲುವುದು ಅವನ ಐದು ವರ್ಷದ ತಂಗಿಗೆ.

ಆ ತಂಗಿಯ ವಿಷಯದಲ್ಲಿ ತಾಯಂದಿರು ಅರಿತಿರಬೇಕಾದ ಇನ್ನೊಂದು ಸಂಗತಿಯಿದೆ. ಹಾಲುಹಲ್ಲು ಹೇಗೂ ಬೀಳುವುದೆಂದು ಅದರ ಹುಳುಕನ್ನು ಅಲಕ್ಷಿಸುವವರು ಬಹಳ. ಹಾಲುಹಲ್ಲು ಅಕಾಲದಲ್ಲಿ ಹೋದರೆ ಪಕ್ಕದ ಹಲ್ಲು ಆ ಜಾಗಕ್ಕೆ ಸರಿದು, ಕೆಳಗಿನಿಂದ ಬರಬೇಕಾದ ಹಲ್ಲಿಗೆ ಸ್ಥಳವಿಲ್ಲದಂತೆ ಮಾಡುತ್ತದೆ. ಅಲ್ಲದೆ ಸುಮಾರು ಆರು ವರ್ಷಕ್ಕೆ, ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ ಒಂದೊಂದು ಪಾರ್ಶ್ವದಲ್ಲಿ ಒಂದರಂತೆ ನಾಲ್ಕು ದೊಡ್ಡ ದವಡೆಹಲ್ಲುಗಳು ಸದ್ದಿಲ್ಲದೆ ಹುಟ್ಟುತ್ತವೆ. ಯಾವುದೂ ಬೀಳಲಿಲ್ಲವಾದ್ದರಿಂದ ಇವೂ ಹಾಲುಹಲ್ಲುಗಳೇ ಎಂದು ಹೆಚ್ಚಿನವರು ತಿಳಿಯುತ್ತಾರೆ. ಇವು ಶಾಶ್ವತ ಹಲ್ಲುಗಳು. ಹುಳುಕು ಹಿಡಿದು ಹೋದರೆ ಮತ್ತೆ ಬರುವುದಿಲ್ಲ. ಮಗುವಿಗೆ ಆರು ತುಂಬಿದ ಮೇಲೆ ಒಮ್ಮೆ ಬೆಳಕಿನಲ್ಲಿ ಬಾಯಿ ತೆರೆಸಿ, ಪ್ರತಿ ಸಾಲಿನ ಕೊನೆಯಲ್ಲಿ ಅವು ಬಂದಿವೆಯೇ ಎಂದು ನೋಡಿ, ದಂತವೈದ್ಯರಿಗೆ ತೋರಿಸಿ ಬರಬಹುದು.